ವಿಶ್ವಕಪ್ ಫುಟ್‌ಬಾಲ್: ಪಟ್ಟಿಯಲ್ಲಿ ಯಾರ ಹೆಸರು ಬರೆಯಬೇಕು?

ಪ್ರಶ್ನೆ: "ಹುಬ್ಬಳ್ಳಿ ವಿದ್ಯಾನಗರದಾಗ ನಾವು ಹದಿನಾಲ್ಕು ಮಂದಿ ಗೆಳ್ಯಾರು ವಿಶ್ವಕಪ್ ಬಂದಾಗೆಲ್ಲ ಒಂದು ಪಟ್ಟಿ ಹಾಕತೀವಿ. ಒಬ್ಬೊಬ್ರು ಮೂರು ತಂಡ ಬರೀಬೇಕು. ಚಾಂಪಿಯನ್ ಆದ್ರ 10 ಅಂಕ, ಫೈನಲ್‌ನಾಗ ಸೋತ್ರ 6, ಸೆಮಿಫೈನಲ್ ತನಕ ಬಂದ್ರ 3. ಹೆಚ್ಚು ಅಂಕ ಬಂದವಗ ಉಳಿದವ್ರು ಸೇರಿ ಊಟ ಹಾಕಸಬೇಕು. ಈ ಸಲ ಒಂಬತ್ತು ಮಂದಿ ಈಗಾಗ್ಲೇ ಅರ್ಜೆಂಟೀನಾ, ಬ್ರೆಜಿಲ್ ಬರದು ಕುಂತಾರ. ನಾನು ಫಿಫಾ ರ‍್ಯಾಂಕಿಂಗ್ ನೋಡಿ ಮೊದಲಿನ ಮೂರು ಬರದ್ರ ಸಾಕೇನ್ರಿ? ಗದಗಿನ ನಮ್ಮ ಮಾವ, 'ಅಮೆರಿಕದ ಕಡೆ ಆಟ ನಡದ್ರ ಯುರೋಪಿನವ್ರು ಗೆಲ್ಲೂದಿಲ್ಲ' ಅಂತಾರ. ಇನ್ನೊಬ್ಬ, 'ಹೊರಗಿನ ಕೋಚ್ ಇದ್ದ ತಂಡಕ್ಕ ಕಪ್ ಬಂದಿದ್ದ ಇಲ್ಲ' ಅಂತಾನ. 48 ತಂಡ ಆದಮ್ಯಾಲೆ ಹಳೇ ಲೆಕ್ಕ ಎಲ್ಲಾ ಸುಳ್ಳಾಗತದೇನು? ಹ್ಯಾಂಗ ಆರಿಸಬೇಕು ಹೇಳ್ರಿ."

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಕಪ್ ಗೆಲ್ಲುವ ಶಕ್ತಿ ಯಾರಿಗಿದೆ ಎಂಬುದು ಒಂದು, ನಿಮ್ಮ ಪಟ್ಟಿಯಲ್ಲಿ ಯಾರನ್ನು ಬರೆದರೆ ಲಾಭ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಅಲ್ಲ. ಮೊದಲನೆಯದನ್ನು ಬಿಡಿಸಿಕೊಂಡರೆ ಎರಡನೆಯದು ಸಲೀಸು.

ಲೆಕ್ಕದಿಂದಲೇ ಶುರು ಮಾಡೋಣ. ಈ ಸಲ, ಅಂದರೆ ಅಮೆರಿಕ, ಕೆನಡಾ, ಮೆಕ್ಸಿಕೊದ 2026ರ ವಿಶ್ವಕಪ್‌ನಲ್ಲಿ, 48 ತಂಡ, ನಾಲ್ಕು ನಾಲ್ಕರ 12 ಗುಂಪು, ಒಟ್ಟು 104 ಪಂದ್ಯ. ಪ್ರತಿ ಗುಂಪಿನ ಮೊದಲ ಎರಡು ತಂಡಗಳ ಜೊತೆ, ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು ತಂಡಗಳೂ ಮುಂದೆ ಹೋಗುತ್ತವೆ. ಅಲ್ಲಿಗೆ 32 ತಂಡ. ಆಮೇಲೆ ಸೋತರೆ ಮನೆ. ಕಪ್ ಎತ್ತಬೇಕಾದರೆ ಸಾಲಾಗಿ ಐದು ನಾಕೌಟ್ ಗೆಲ್ಲಬೇಕು. 2022ರವರೆಗೆ ನಾಲ್ಕು ಸಾಕಿತ್ತು. ಒಂದು ತಂಡ ಎಷ್ಟು ಬಲಿಷ್ಠ ಎಂದರೆ, ಎದುರಾದ ಯಾರನ್ನೇ ಆದರೂ 100ಕ್ಕೆ 70 ಸಲ ಸೋಲಿಸುತ್ತದೆ ಎಂದುಕೊಳ್ಳಿ. ನಾಲ್ಕು ಸುತ್ತಿಗೆ ಅದರ ಅವಕಾಶ 100ಕ್ಕೆ 24. ಐದು ಸುತ್ತಾದರೆ 17ಕ್ಕೆ ಇಳಿಯುತ್ತದೆ. ಅಂದರೆ ನಿಜವಾದ ಫೇವರಿಟ್ ಕೂಡ ಆರರಲ್ಲಿ ಐದು ಸಲ ಬರಿಗೈಲಿ ವಾಪಸ್. ಒಂದು ಸಮಾಧಾನವೆಂದರೆ, 32ರ ಸುತ್ತಿನಲ್ಲಿ ಕೆಲವರಿಗೆ ಮೂರನೇ ಸ್ಥಾನದಲ್ಲಿ ತೆವಳಿಕೊಂಡು ಬಂದ ದುರ್ಬಲ ತಂಡ ಎದುರಾಗುತ್ತದೆ, ಅಲ್ಲಿ 70ರ ಬದಲು 85 ಹಿಡಿಯಬಹುದು. ಕೆಲವರಿಗೆ ಆ ಭಾಗ್ಯ ಇಲ್ಲ. ಯಾರಿಗಿದೆ, ಯಾರಿಗಿಲ್ಲ ಎಂಬುದೇ ಈ ಸಲದ ದೊಡ್ಡ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ರ‍್ಯಾಂಕಿಂಗ್ ಬಗ್ಗೆ. 1992ರ ಕೊನೆಗೆ ಫಿಫಾ ರ‍್ಯಾಂಕಿಂಗ್ ಶುರುವಾದ ಮೇಲೆ ಎಂಟು ವಿಶ್ವಕಪ್ ನಡೆದಿವೆ. ಟೂರ್ನಿಗೆ ಮೊದಲ ರ‍್ಯಾಂಕ್ ಹೊತ್ತು ಹೋದ ತಂಡ ಒಮ್ಮೆಯೂ ಗೆದ್ದಿಲ್ಲ. ಇದನ್ನು ಕೇಳಿ "ಮೊದಲ ರ‍್ಯಾಂಕ್ ಅಪಶಕುನ" ಎನ್ನುವವರಿದ್ದಾರೆ. ಅಪಶಕುನವೇನಿಲ್ಲ. ಪ್ರತಿ ಸಲ 100ಕ್ಕೆ 20ರ ಅವಕಾಶ ಇದ್ದ ತಂಡ ಎಂಟು ಸಲವೂ ತಪ್ಪಿಸಿಕೊಳ್ಳುವ ಸಾಧ್ಯತೆ 100ಕ್ಕೆ 17ರಷ್ಟಿದೆ, ಅದು ಅಪರೂಪವೇನಲ್ಲ. 2018ರ ಆಗಸ್ಟ್‌ನಿಂದ ಫಿಫಾ ಬಳಸುವ ಸೂತ್ರ ಹಿಂದಿನದಕ್ಕಿಂತ ಎಷ್ಟೋ ವಾಸಿ. ಎದುರಾಳಿ ಎಷ್ಟು ಬಲಿಷ್ಠ ಎಂಬುದರ ಮೇಲೆ ಅಂಕ ಕೂಡುತ್ತದೆ, ಕಳೆಯುತ್ತದೆ. ಪಂದ್ಯದ ತೂಕವೂ ಬೇರೆ ಬೇರೆ: ಸಾಮಾನ್ಯ ಸ್ನೇಹಪಂದ್ಯಕ್ಕೆ 5 ಅಥವಾ 10, ಅರ್ಹತಾ ಪಂದ್ಯಕ್ಕೆ 25, ವಿಶ್ವಕಪ್‌ಗೆ 50, ಅದರ ಕ್ವಾರ್ಟರ್‌ಫೈನಲ್‌ನಿಂದಾಚೆ 60. ಎರಡು ತಂಡಗಳ ನಡುವೆ 100 ಅಂಕದ ಅಂತರವಿದ್ದರೆ ಮೇಲಿನವರ ನಿರೀಕ್ಷಿತ ಫಲ 100ಕ್ಕೆ 60ರ ಹತ್ತಿರ, 200 ಇದ್ದರೆ 68. ನೀವು ನೋಡಬೇಕಾದ್ದು ಈ ಅಂಕದ ಅಂತರವನ್ನು. ಒಂದನೇ ರ‍್ಯಾಂಕು, ನಾಲ್ಕನೇ ರ‍್ಯಾಂಕು ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅವರ ನಡುವೆ ಕೆಲವೇ ಅಂಕ ಇರಬಹುದು. ಆತಿಥೇಯರ ರ‍್ಯಾಂಕಿಂಗನ್ನಂತೂ ನಂಬಲೇಬೇಡಿ. ಅರ್ಹತಾ ಪಂದ್ಯಗಳಿಲ್ಲದೆ, ಕಡಿಮೆ ತೂಕದ ಸ್ನೇಹಪಂದ್ಯಗಳಿಂದ ಅವರ ನಿಜವಾದ ಬಲ ಅಂಕದಲ್ಲಿ ಕಾಣುವುದಿಲ್ಲ. ಹಳೆಯ ಸೂತ್ರವೇ ಇದ್ದ 2018ರ ವಿಶ್ವಕಪ್‌ನಲ್ಲಿ 70ನೇ ರ‍್ಯಾಂಕಿನ ರಷ್ಯಾ ತನ್ನ ನೆಲದಲ್ಲಿ ಸ್ಪೇನನ್ನು ಮನೆಗೆ ಕಳಿಸಿ ಕ್ವಾರ್ಟರ್‌ಫೈನಲ್‌ಗೆ ಹೋಗಿತ್ತು.

ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕ ಖಂಡಗಳಲ್ಲಿ ಎಂಟು ವಿಶ್ವಕಪ್ ನಡೆದಿವೆ. 1930, 1950, 1962, 1970, 1978, 1986, 1994ರಲ್ಲಿ ಗೆದ್ದವರೆಲ್ಲ ದಕ್ಷಿಣ ಅಮೆರಿಕದವರೇ. 2014ರಲ್ಲಿ ಬ್ರೆಜಿಲ್ ನೆಲದಲ್ಲೇ ಜರ್ಮನಿ ಆ ಸಾಲು ಮುರಿಯಿತು. ಹಿಂದಿನ ಕಾಲದಲ್ಲಿ ದೂರದ ಪ್ರಯಾಣ, ಮೆಕ್ಸಿಕೊದ ಎತ್ತರ, ಮಧ್ಯಾಹ್ನದ ಬಿಸಿಲು ಯುರೋಪಿನವರನ್ನು ನಿಜಕ್ಕೂ ಹಣ್ಣು ಮಾಡುತ್ತಿದ್ದವು. ಈಗ ಅರ್ಜೆಂಟೀನಾ, ಬ್ರೆಜಿಲ್‌ನ ಪ್ರಮುಖ ಆಟಗಾರರಲ್ಲಿ ಹೆಚ್ಚಿನವರು ವರ್ಷಪೂರ್ತಿ ಯುರೋಪಿನ ಕ್ಲಬ್‌ಗಳಲ್ಲೇ ಆಡುತ್ತಾರೆ. ಅವರೂ ಅದೇ ದಣಿವು ಹೊತ್ತು, ಅದೇ ವಿಮಾನ ಹತ್ತಿ ಬರುವವರು. ಇನ್ನೊಂದು ಸಂಗತಿ ಮಾವನವರಿಗೆ ಹೇಳಿ: 2002ರಲ್ಲಿ ಗೆದ್ದ ಮೇಲೆ ಬ್ರೆಜಿಲ್ ಐದೂ ವಿಶ್ವಕಪ್‌ಗಳಲ್ಲಿ ನಾಕೌಟ್‌ನಲ್ಲಿ ಹೊರಬಿದ್ದದ್ದು ಯುರೋಪಿನ ತಂಡದ ಕೈಲೇ. 2006ರಲ್ಲಿ ಫ್ರಾನ್ಸ್, 2010ರಲ್ಲಿ ನೆದರ್ಲೆಂಡ್ಸ್, 2014ರಲ್ಲಿ 1-7ರ ಜರ್ಮನಿ, 2018ರಲ್ಲಿ ಬೆಲ್ಜಿಯಂ, 2022ರಲ್ಲಿ ಪೆನಾಲ್ಟಿಯಲ್ಲಿ ಕ್ರೊಯೇಷ್ಯಾ.

ಹೊರಗಿನ ಕೋಚ್ ಮಾತು ಅಂಕಿಅಂಶದಲ್ಲಿ ನಿಜ. ಈವರೆಗಿನ 22 ವಿಶ್ವಕಪ್‌ಗಳಲ್ಲೂ ಗೆದ್ದ ತಂಡದ ಕೋಚ್ ಅದೇ ದೇಶದವನು. ಆದರೆ ಕಪ್ ಗೆದ್ದಿರುವುದು ಎಂಟೇ ದೇಶ, ಅವರು ಹೊರಗಿನವರನ್ನು ನೇಮಿಸಿದ್ದೇ ಅಪರೂಪ. ಗೆಲ್ಲುವವರು ಹೊರಗಿನವರನ್ನು ಕರೆಯುತ್ತಿರಲಿಲ್ಲ ಎಂಬುದರಿಂದ, ಕರೆದರೆ ಸೋಲುತ್ತಾರೆ ಎಂದು ಹೇಳಲಾಗದು. ಈ ಸಲ ಇಂಗ್ಲೆಂಡ್‌ಗೆ ಜರ್ಮನಿಯ ಟುಕೆಲ್, ಬ್ರೆಜಿಲ್‌ಗೆ ಇಟಲಿಯ ಆಂಚೆಲೊಟ್ಟಿ, ಪೋರ್ಚುಗಲ್‌ಗೆ ಸ್ಪೇನಿನ ಮಾರ್ಟಿನೆಜ್. ಈ ಒಂದೇ ಕಾರಣಕ್ಕೆ ಮೂರು ತಂಡವನ್ನು ಅಳಿಸಿಹಾಕುವುದು ದಡ್ಡತನ.

ಇನ್ನು ದಾರಿಯ ವಿಷಯ. ಪಟ್ಟಿ ಬರೆಯುವವರು ಹೆಚ್ಚಾಗಿ ಗುಂಪು ನೋಡಿ ನಿಲ್ಲಿಸುತ್ತಾರೆ, ನಾಕೌಟ್ ನಕ್ಷೆ ಬಿಡಿಸುವುದಿಲ್ಲ. 48 ತಂಡದ ಟೂರ್ನಿಯಲ್ಲಿ ಬಲಿಷ್ಠರೇ ತುಂಬಿದ "ಸಾವಿನ ಗುಂಪು" ಎಂಬುದಕ್ಕೆ ಅಷ್ಟು ಬೆಲೆಯಿಲ್ಲ, ಏಕೆಂದರೆ ಮೂರನೇ ಸ್ಥಾನದ 12ರಲ್ಲಿ ಎಂಟು ಉಳಿದುಕೊಳ್ಳುತ್ತವೆ. ಮೂರರಲ್ಲಿ ಎರಡು ಪಾಲು ಉಳಿಯುವ ಇದೇ ಪದ್ಧತಿ ಯುರೋಪಿನ ದೇಶಗಳ ಟೂರ್ನಿಯಾದ ಯುರೊದಲ್ಲಿ 2016ರಲ್ಲಿತ್ತು. ಅಲ್ಲಿ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಮೂರನೇ ಸ್ಥಾನದಲ್ಲಿ ಹೊರಟು, ಇಡೀ ಟೂರ್ನಿಯಲ್ಲಿ 90 ನಿಮಿಷದೊಳಗೆ ಒಂದೇ ಪಂದ್ಯ ಗೆದ್ದು ಕಪ್ ಒಯ್ದಿತು. ಹಾಗಾಗಿ ದೊಡ್ಡ ತಂಡ ಗುಂಪಿನಲ್ಲೇ ಉರುಳುವುದು ಇನ್ನು ಕಡಿಮೆ. ಆದರೆ ಎಷ್ಟನೆಯವರಾಗಿ ಮುಂದೆ ಹೋಗುತ್ತಾರೆ ಎಂಬುದರ ಬೆಲೆ ಏರಿದೆ.

2025ರ ಡಿಸೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ ಗುಂಪು ಹಂಚಲು ಚೀಟಿ ಎತ್ತುವಾಗ ಮೊದಲ ನಾಲ್ಕು ರ‍್ಯಾಂಕಿನ ಸ್ಪೇನ್, ಅರ್ಜೆಂಟೀನಾ, ಫ್ರಾನ್ಸ್, ಇಂಗ್ಲೆಂಡ್ ತಂಡಗಳನ್ನು ನಕ್ಷೆಯ ನಾಲ್ಕು ಮೂಲೆಗೆ ಹಾಕಿದರು. ನಾಲ್ಕೂ ತಂತಮ್ಮ ಗುಂಪಿನಲ್ಲಿ ಮೊದಲು ಬಂದರೆ ಸ್ಪೇನ್–ಫ್ರಾನ್ಸ್ ಸೆಮಿಫೈನಲ್‌ಗಿಂತ ಮೊದಲು ಎದುರಾಗುವುದಿಲ್ಲ, ಅರ್ಜೆಂಟೀನಾ–ಇಂಗ್ಲೆಂಡೂ ಅಷ್ಟೇ. ಸ್ಪೇನ್–ಅರ್ಜೆಂಟೀನಾ ಆಗುವುದಾದರೆ ಫೈನಲ್‌ನಲ್ಲೇ. "ಮೊದಲು ಬಂದರೆ" ಎಂಬಲ್ಲೇ ಇದೆ ಗುಟ್ಟು. ಹೆಚ್ ಗುಂಪಿನಲ್ಲಿ ಸ್ಪೇನ್, ಉರುಗ್ವೆ, ಸೌದಿ ಅರೇಬಿಯಾ, ಕೇಪ್ ವರ್ಡೆ. ಜೆ ಗುಂಪಿನಲ್ಲಿ ಅರ್ಜೆಂಟೀನಾ, ಆಸ್ಟ್ರಿಯಾ, ಅಲ್ಜೀರಿಯಾ, ಜೋರ್ಡಾನ್. ಈ ಎರಡು ಗುಂಪುಗಳಿಗೆ 32ರ ಸುತ್ತಿನಲ್ಲಿ ಗಂಟು ಬಿದ್ದಿದೆ: ಇದರ ಮೊದಲಿಗರು ಅದರ ಎರಡನೆಯವರ ಮೇಲೆ, ಅದರ ಮೊದಲಿಗರು ಇದರ ಎರಡನೆಯವರ ಮೇಲೆ. ಉರುಗ್ವೆ ಎದುರು ಸ್ಪೇನ್ ಎಡವಿ ಎರಡನೇ ಸ್ಥಾನಕ್ಕೆ ಇಳಿಯಿತೋ, ಜೆ ಗುಂಪು ಗೆದ್ದ ಅರ್ಜೆಂಟೀನಾ ಮೊದಲ ನಾಕೌಟ್‌ನಲ್ಲೇ ಎದುರಿಗೆ ನಿಂತಿರುತ್ತದೆ. ಎಡವದಿದ್ದರೆ ಸ್ಪೇನಿನ ದಾರಿ ಎಲ್ಲರಿಗಿಂತ ಹಸನು. ಆಸ್ಟ್ರಿಯಾ ಅಥವಾ ಅಲ್ಜೀರಿಯಾ, ಆಮೇಲೆ ಕೊಲಂಬಿಯಾ ಅಥವಾ ಕ್ರೊಯೇಷ್ಯಾದಂಥವರು, ಕ್ವಾರ್ಟರ್‌ಫೈನಲ್‌ಗೆ ಬೆಲ್ಜಿಯಂ ಇಲ್ಲವೇ ಅಮೆರಿಕ.

ಬ್ರೆಜಿಲ್‌ಗೆ ಆ ಸುಖ ಇಲ್ಲ. ಸಿ ಗುಂಪಿನಲ್ಲಿ ಮೊದಲ ಪಂದ್ಯವೇ ಮೊರಾಕೊ ಮೇಲೆ, ಜೊತೆಗೆ ಸ್ಕಾಟ್ಲೆಂಡ್, ಹೈಟಿ. ಗುಂಪು ಗೆದ್ದರೂ 32ರ ಸುತ್ತಿನಲ್ಲಿ ಎಫ್ ಗುಂಪಿನ ಎರಡನೆಯವರು, ಎರಡನೆಯವರಾದರೆ ಎಫ್ ಗುಂಪಿನ ಮೊದಲಿಗರು. ಆ ಗುಂಪಿನ ಬಲಿಷ್ಠರು ನೆದರ್ಲೆಂಡ್ಸ್ ಮತ್ತು ಜಪಾನ್. ಇದೇ ಜಪಾನ್ 2025ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಎರಡು ಗೋಲು ಹಿಂದೆ ಬಿದ್ದು ಎದ್ದು ಬ್ರೆಜಿಲನ್ನು 3-2ರಿಂದ ಸೋಲಿಸಿತು. ಹೇಗೆ ಹೋದರೂ ಬ್ರೆಜಿಲ್‌ಗೆ ಪುಕ್ಕಟೆ ಸುತ್ತು ಸಿಗುವುದಿಲ್ಲ. ಕ್ವಾರ್ಟರ್‌ಫೈನಲ್‌ಗೆ ಬಂದರೆ ಅಲ್ಲಿ ಇಂಗ್ಲೆಂಡ್ ಕಾದಿರಬಹುದು.

ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ, ಪೋರ್ಚುಗಲ್ ಗುಂಪು ಗೆದ್ದರೆ ನಾಲ್ಕಕ್ಕೂ ಮೂರನೇ ಸ್ಥಾನದ ತಂಡ ಸಿಗುತ್ತದೆ. ಆದರೆ ಫ್ರಾನ್ಸ್ ಮತ್ತು ಜರ್ಮನಿ ಗುಂಪು ಗೆದ್ದು ಒಂದು ಸುತ್ತು ದಾಟಿದರೆ 16ರ ಸುತ್ತಿನಲ್ಲೇ ಪರಸ್ಪರ ಡಿಕ್ಕಿ. ಪಟ್ಟಿಯಲ್ಲಿ ಇಬ್ಬರನ್ನೂ ಬರೆಯಬೇಡಿ. ಅರ್ಜೆಂಟೀನಾ–ಪೋರ್ಚುಗಲ್ ಗುಂಪು ಗೆದ್ದು ಬಂದರೆ ಎದುರಾಗುವುದು ಕ್ವಾರ್ಟರ್‌ಫೈನಲ್‌ನಲ್ಲಿ, ಮೆಸ್ಸಿ–ರೊನಾಲ್ಡೊ ಎಂದು ಜಾಹೀರಾತಿನವರು ಈಗಾಗಲೇ ಆ ಪಂದ್ಯಕ್ಕೆ ಕಾಯುತ್ತಿರಬೇಕು. ಇಂಗ್ಲೆಂಡ್‌ಗೆ 16ರ ಸುತ್ತಿನಲ್ಲಿ ಮೆಕ್ಸಿಕೊ ಎದುರಾದರೆ ಆ ಪಂದ್ಯ ನಡೆಯುವುದು ಮೆಕ್ಸಿಕೊ ಸಿಟಿಯ ಅಜ್ಟೆಕಾ ಮೈದಾನದಲ್ಲಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಜ್ಟೆಕಾ 2,200 ಮೀಟರ್ ದಾಟುತ್ತದೆ. ಗಾಳಿ ತೆಳು, ಚೆಂಡು ನೆನೆಸಿದ್ದಕ್ಕಿಂತ ವೇಗವಾಗಿ ಹಾರುತ್ತದೆ, ಓಡಿ ಬಂದವನಿಗೆ ಉಸಿರು ಮರಳಲು ಹೊತ್ತು ಹಿಡಿಯುತ್ತದೆ. ಎರಡು ಮೂರು ದಿನ ಮುಂಚೆ ಹೋಗಿ ಇಳಿದರೆ ಮೈ ಒಗ್ಗುವುದಿಲ್ಲ. ಅಲ್ಲೇ ಬೀಡುಬಿಟ್ಟ ಮೆಕ್ಸಿಕೊಗೆ ಅದು ಮನೆ.

ದಾರಿ ಆಯಿತು. ತಂಡದೊಳಗೆ ಏನು ನೋಡಬೇಕು? ಪಂದ್ಯ ವಿಶ್ಲೇಷಿಸುವ ನಮ್ಮಂಥವರು ಮುಂಚೂಣಿಯ ಸ್ಟಾರ್‌ಗಿಂತ ಮೊದಲು ಬೆಂಚಿನ ಕಡೆ ಕಣ್ಣು ಹಾಯಿಸುತ್ತೇವೆ. 26 ಜನರ ತಂಡ, ಪಂದ್ಯಕ್ಕೆ ಐದು ಬದಲಿ, ಹೆಚ್ಚುವರಿ ಸಮಯಕ್ಕೆ ಹೋದರೆ ಇನ್ನೊಂದು. ಅಂದರೆ ಗೋಲ್‌ಕೀಪರ್ ಬಿಟ್ಟರೆ ಅರ್ಧ ತಂಡವನ್ನೇ ನಡುವೆ ಬದಲಿಸಬಹುದು. 2024ರ ಜುಲೈ ಒಂದೇ ತಿಂಗಳನ್ನು ನೋಡಿ. ಯುರೊ ಫೈನಲ್‌ನಲ್ಲಿ ಸ್ಪೇನಿನ ರೊಡ್ರಿ ಗಾಯದಿಂದ ಅರ್ಧಕ್ಕೇ ಹೊರಹೋದರು, ಬದಲಿ ಜುಬಿಮೆಂಡಿ ಆ ಜಾಗ ಹಿಡಿದು ನಿಂತರು, 86ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದ ಒಯರ್ಜಾಬಲ್ ಕೂಡ ಬದಲಿಯೇ. ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ದಾಟಿಸಿದ ವಾಟ್ಕಿನ್ಸ್, ಅವರಿಗೆ ಪಾಸ್ ಕೊಟ್ಟ ಪಾಮರ್, ಇಬ್ಬರೂ ಬೆಂಚಿನಿಂದ ಬಂದವರು. ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕದ ಫೈನಲ್‌ನಲ್ಲಿ ಮೆಸ್ಸಿ ಗಾಯಗೊಂಡು ಅಳುತ್ತ ಹೊರಗೆ ಕುಳಿತಿದ್ದಾಗ 112ನೇ ನಿಮಿಷದಲ್ಲಿ ಗೋಲು ಹೊಡೆದ ಲೌಟಾರೊ ಮಾರ್ಟಿನೆಜ್ ಸಹ ಬದಲಿ. ತಂಡಗಳ ಆಟಗಾರರ ಅಂತಿಮ ಪಟ್ಟಿ ಕೈಗೆ ಬಂದಾಗ ಮೂರು ಜಾಗ ಪರೀಕ್ಷಿಸಿ: ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಸರಿಸಮ ಬದಲಿ ಇದ್ದಾರೆಯೇ, ಸೆಂಟರ್ ಬ್ಯಾಕ್‌ಗಳಲ್ಲಿ ಕನಿಷ್ಠ ಮೂವರು ತಮ್ಮ ಕ್ಲಬ್‌ಗೆ ನಿಯಮಿತವಾಗಿ ಆಡುತ್ತಿದ್ದಾರೆಯೇ, 70ನೇ ನಿಮಿಷದಲ್ಲಿ ಇಳಿದು ಡಿಫೆಂಡರನ್ನು ಓಟದಲ್ಲಿ ಹಿಂದೆ ಹಾಕಬಲ್ಲ ವಿಂಗರ್ ಇದ್ದಾರೆಯೇ. ಮಧ್ಯದ ಆ ಒಬ್ಬನಿಗೆ ಬದಲಿ ಇಲ್ಲದ ತಂಡ ಎರಡು ಹಳದಿ ಕಾರ್ಡಿಗೇ ಕುಸಿಯುತ್ತದೆ.

ಸೆಖೆಯೂ ಬೆಂಚಿನ ಬೆಲೆ ಏರಿಸುತ್ತದೆ. ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾ ಮೈದಾನಗಳಿಗೆ ಚಾವಣಿಯೂ ಎ.ಸಿ.ಯೂ ಇದೆ, ಮಯಾಮಿ, ಕಾನ್ಸಾಸ್ ಸಿಟಿ, ಮಾಂಟೆರೇಗಳಲ್ಲಿ ಬೆವರಬೇಕು. ಪ್ರತಿ ಅರ್ಧದಲ್ಲೂ ಮೂರು ನಿಮಿಷದ ನೀರಿನ ವಿರಾಮ ಎಲ್ಲ ಪಂದ್ಯಕ್ಕೂ ಇದೆ, ತಂಪಿದ್ದರೂ ಸರಿ. ಇದು ಬರೀ ನೀರು ಕುಡಿಯುವ ವಿರಾಮ ಎಂದುಕೊಳ್ಳಬೇಡಿ. ಕೋಚ್‌ಗೆ ಪಂದ್ಯದ ನಡುವೆ ತಂಡವನ್ನು ಕರೆದು ತಿದ್ದಲು ಸಿಕ್ಕ ಎರಡು ಹೆಚ್ಚುವರಿ ಅವಕಾಶ ಅದು. ಎದುರಾಳಿಯನ್ನು ಉಸಿರಾಡಲು ಬಿಡದೆ ಒತ್ತುವ ತಂಡದ ಬಿಸಿ ಆ ಮೂರು ನಿಮಿಷದಲ್ಲಿ ಆರಬಹುದು.

ಈಗ ತಂಡಗಳ ಬಗ್ಗೆ ನನ್ನ ಅಂದಾಜು.

ಸ್ಪೇನ್ ಮೊದಲು. 2024ರ ಯುರೊದಲ್ಲಿ ಏಳಕ್ಕೆ ಏಳು ಗೆದ್ದ ತಂಡ, ಅರ್ಹತಾ ಸುತ್ತಿನಲ್ಲಿ ಟರ್ಕಿಗೆ ಅವರದೇ ನೆಲದಲ್ಲಿ 6-0 ಹೊಡೆದ ತಂಡ. ಯಮಾಲ್, ಪೆದ್ರಿ ಇರುವಲ್ಲಿ ಚೆಂಡು ಸುಮ್ಮನೆ ತಿರುಗುತ್ತ ಕೂರುವುದಿಲ್ಲ, ಮುಂದೆ ಹೋಗುತ್ತದೆ. ಆದರೆ ಹಳೇ ಗಾಯ ಗೊತ್ತಿರಲಿ: 2018ರಲ್ಲಿ ರಷ್ಯಾ, 2022ರಲ್ಲಿ ಮೊರಾಕೊ, ಎರಡೂ ಸಲ ಸಾಲುಸಾಲಾಗಿ ಹಿಂದೆ ನಿಂತ ತಂಡದ ಎದುರು ಪಾಸ್ ಮೇಲೆ ಪಾಸ್ ಕೊಟ್ಟು, ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. ವಿಶ್ವಕಪ್ ಶೂಟೌಟ್‌ಗಳಲ್ಲಿ ಸ್ಪೇನ್ ಐದರಲ್ಲಿ ಒಂದೇ ಗೆದ್ದಿದೆ. ಅರ್ಜೆಂಟೀನಾ ಏಳರಲ್ಲಿ ಆರು, ಕ್ರೊಯೇಷ್ಯಾ ಮತ್ತು ಜರ್ಮನಿ ನಾಲ್ಕಕ್ಕೆ ನಾಲ್ಕು, ಇಂಗ್ಲೆಂಡ್ ನಾಲ್ಕರಲ್ಲಿ ಒಂದು. ಶೂಟೌಟ್ ಪೂರ್ತಿ ಲಾಟರಿಯಲ್ಲ, ಕೀಪರ್ ಮತ್ತು ತಯಾರಿ ಎಣಿಕೆಗೆ ಬರುತ್ತವೆ. ಆದರೆ ದಶಕಗಳಲ್ಲಿ ಹರಡಿದ ಐದಾರು ಶೂಟೌಟ್ ಇಟ್ಟುಕೊಂಡು ಜಾತಕ ಬರೆಯುವುದೂ ಅತಿಯಾಯಿತು.

ಅರ್ಜೆಂಟೀನಾ: ದಕ್ಷಿಣ ಅಮೆರಿಕದ ಅರ್ಹತಾ ಪಟ್ಟಿಯಲ್ಲಿ 38 ಅಂಕದೊಂದಿಗೆ ಮೊದಲು. 2021ರ ಕೋಪಾ, 2022ರ ವಿಶ್ವಕಪ್, 2024ರ ಕೋಪಾ ಗೆದ್ದ ಒಗ್ಗಟ್ಟು ಕೋಚ್ ಸ್ಕಲೋನಿ ಕೈಯಲ್ಲಿ ಇನ್ನೂ ಬಿಗಿ ಇದೆ. ಮೆಸ್ಸಿಗೆ ಜೂನ್ 24ಕ್ಕೆ 39 ತುಂಬುತ್ತದೆ. ಅವರು ನಡೆದಾಡುವಾಗ ಅವರ ಪಾಲಿನ ಓಟವನ್ನು ಉಳಿದ ಮಿಡ್‌ಫೀಲ್ಡರ್‌ಗಳು ಓಡಬೇಕು. ಎಂಟು ಪಂದ್ಯ ಹಾಗೆ ಓಡಬಲ್ಲರೇ ಎಂಬುದೇ ಪ್ರಶ್ನೆ. ಸತತ ಎರಡು ಕಪ್ ಗೆದ್ದವರು 1934–38ರ ಇಟಲಿ, 1958–62ರ ಬ್ರೆಜಿಲ್ ಮಾತ್ರ.

ಫ್ರಾನ್ಸ್‌ನ ಮುಂಚೂಣಿಯಷ್ಟು ಆಳ ಬೇರೆಲ್ಲೂ ಇಲ್ಲ: ಎಂಬಾಪೆ, ಡೆಂಬೆಲೆ, ಒಲಿಸೆ, ದುವೆ. ಹಿಂದಿನ ಎರಡೂ ವಿಶ್ವಕಪ್ ಫೈನಲ್ ಆಡಿದ್ದಾರೆ. ಆದರೆ ಕೋಚ್ ದೆಶಾಂಪ್ಸ್ ಎಚ್ಚರಿಕೆಯ ಮನುಷ್ಯ. 2024ರ ಯುರೊದಲ್ಲಿ ಸೆಮಿಫೈನಲ್ ತನಕ ಹೋದ ಫ್ರಾನ್ಸ್, ಸ್ವಂತ ಗೋಲು ಮತ್ತು ಪೆನಾಲ್ಟಿ ಬಿಟ್ಟರೆ ಆಟದ ಓಘದಲ್ಲಿ ಹೊಡೆದದ್ದು ಒಂದೇ ಗೋಲು. ಗುಂಪೂ ಸಲೀಸಲ್ಲ: ಸೆನೆಗಲ್ ಇದೆ, ಅರ್ಹತಾ ಸುತ್ತಿನ ಎಂಟೂ ಪಂದ್ಯ ಗೆದ್ದು 37 ಗೋಲು ಹೊಡೆದ ನಾರ್ವೆ ಇದೆ. ಅದರಲ್ಲಿ 16 ಅವರ ಸ್ಟ್ರೈಕರ್ ಎರ್ಲಿಂಗ್ ಹಾಲೆಂಡ್ ಒಬ್ಬರದ್ದೇ.

ಇಂಗ್ಲೆಂಡ್ ಅರ್ಹತಾ ಸುತ್ತಿನ ಎಂಟು ಪಂದ್ಯದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಎಂಟೂ ಗೆದ್ದಿತು. ಎದುರಾಳಿಗಳು ಸಾಧಾರಣ, ಒಪ್ಪೋಣ. ಆದರೂ ಸೊನ್ನೆ ಎಂದರೆ ಸೊನ್ನೆ. ಕಾರ್ನರ್, ಫ್ರೀ ಕಿಕ್‌ಗಳಲ್ಲಿ ಇವರ ಬಲ ಹಳೆಯದು. 2018ರಲ್ಲಿ ಹೊಡೆದ 12ರಲ್ಲಿ 9 ಗೋಲು ಹೀಗೆ ನಿಂತ ಚೆಂಡು ಹೊಡೆಯುವ ಸೆಟ್ ಪೀಸ್‌ನಿಂದಲೇ ಬಂದಿದ್ದವು. ದಣಿದ ಕಾಲುಗಳ ನಾಕೌಟ್‌ನಲ್ಲಿ ಇದು ಬಂಗಾರ.

ಬ್ರೆಜಿಲ್ ಅರ್ಹತಾ ಪಟ್ಟಿಯಲ್ಲಿ ಐದನೇ ಸ್ಥಾನ, ಅರ್ಜೆಂಟೀನಾ ಎದುರು 1-4ರ ಸೋಲು. ಆಂಚೆಲೊಟ್ಟಿ ಬಂದ ಮೇಲೆ ಹಿಂಭಾಗ ಗಟ್ಟಿಯಾಗುತ್ತಿದೆ, ಆದರೆ ಮೇಲೆ ಹೇಳಿದ ದಾರಿಯನ್ನು ನೆನೆದರೆ ನಾನು ಆರನೇ ಸಾಲಿನಲ್ಲಿ ಇಡುತ್ತೇನೆ. ನಿಮ್ಮ ಒಂಬತ್ತು ಗೆಳೆಯರು ಹಳದಿ ಅಂಗಿ ನೋಡಿ ಬರೆದಿದ್ದಾರೆ. ಯುರೋಪಿನ ತಂಡಗಳ 2025ರ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಸ್ಪೇನನ್ನು ಶೂಟೌಟ್‌ನಲ್ಲಿ ಮಣಿಸಿದ ಪೋರ್ಚುಗಲ್ ಐದನೆಯದು. ಜರ್ಮನಿ 2018, 2022 ಎರಡರಲ್ಲೂ ಗುಂಪಿನಲ್ಲೇ ಮುಗ್ಗರಿಸಿದ ತಂಡ, ನನಗೆ ಇನ್ನೂ ನಂಬಿಕೆ ಬಂದಿಲ್ಲ.

ದೂರದ ಆಸೆಗೆ ಎರಡು ಹೆಸರು. ಮೊರಾಕೊ 2022ರಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ. ಅಲ್ಲಿಯವರೆಗೆ ಅವರ ಬಲೆಗೆ ಬಿದ್ದದ್ದು ಒಂದೇ ಗೋಲು, ಅದೂ ತಮ್ಮವರದೇ ಕಾಲಿನಿಂದ. ಈಕ್ವೆಡಾರ್ ದಕ್ಷಿಣ ಅಮೆರಿಕದ 18 ಅರ್ಹತಾ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಐದೇ ಗೋಲು. ಗೋಲು ಹೊಡೆಯುವವರ ಬರ ಇರುವುದರಿಂದ ಕಪ್ ಕಷ್ಟ, ಯಾರನ್ನಾದರೂ ಮನೆಗೆ ಕಳಿಸುವುದು ಕಷ್ಟವಲ್ಲ.

ಇನ್ನು ನಿಮ್ಮ ಪಟ್ಟಿ. 14ರಲ್ಲಿ 9 ಜನ ಒಂದೇ ತಂಡ ಬರೆದಿದ್ದರೆ, ಅದು ಗೆದ್ದರೂ ನೀವು ಒಂಬತ್ತು ಜನರ ಜೊತೆ ಹತ್ತನೆಯವರು. ಊಟ ಯಾರಿಗೆಂದು ತೀರ್ಮಾನವಾಗುವುದು ಉಳಿದ ಎರಡು ಹೆಸರುಗಳಿಂದ. ಹೆಚ್ಚು ಅಂಕದವರಿಗೆ ಮಾತ್ರ ಬಹುಮಾನ ಎಂದಾಗ, ಸರಿಸುಮಾರು ಅಷ್ಟೇ ಅವಕಾಶವಿದ್ದೂ ಕಡಿಮೆ ಜನ ಬರೆದ ತಂಡವೇ ಲಾಭ. ಜೊತೆಗೆ ನಕ್ಷೆಯ ಎರಡೂ ಅರ್ಧದಿಂದ ಆರಿಸಬೇಕು. ಸ್ಪೇನ್, ಫ್ರಾನ್ಸ್ ಇಬ್ಬರನ್ನೂ ಬರೆದರೆ, ಇಬ್ಬರೂ ಗುಂಪು ಗೆದ್ದು ಬಂದಲ್ಲಿ ಒಬ್ಬರೇ ಫೈನಲ್‌ಗೆ ಹೋಗಲು ಸಾಧ್ಯ: ಹೆಚ್ಚೆಂದರೆ 10 ಮತ್ತು 3. ಸ್ಪೇನ್, ಇಂಗ್ಲೆಂಡ್ ಬರೆದರೆ 10 ಮತ್ತು 6 ಸಾಧ್ಯ.

ಧೈರ್ಯ ಕಡಿಮೆ ಇದ್ದರೆ ಸ್ಪೇನ್, ಅರ್ಜೆಂಟೀನಾ, ಫ್ರಾನ್ಸ್ ಬರೆಯಿರಿ. ಅಂಕ ಬರುವ ಸಾಧ್ಯತೆ ಹೆಚ್ಚು, ಆದರೆ ಜೊತೆಗೆ ಇನ್ನೂ ಮೂರ್ನಾಲ್ಕು ಜನ ಇರುತ್ತಾರೆ. ನನ್ನನ್ನು ಕೇಳಿದರೆ ಸ್ಪೇನ್, ಇಂಗ್ಲೆಂಡ್, ಮೂರನೆಯದಾಗಿ ಪೋರ್ಚುಗಲ್. ಇದರ ಅಪಾಯ ಸ್ಪಷ್ಟ: ಅರ್ಜೆಂಟೀನಾ ಗೆದ್ದರೆ ಒಂಬತ್ತು ಜನ ನಿಮ್ಮ ತಲೆ ಮೇಲೆ. ಪೂರ್ತಿ ಜೂಜಿನ ಮನಸ್ಸಿದ್ದರೆ ಮೂರನೆಯದಕ್ಕೆ ಮೊರಾಕೊ ಅಥವಾ ನಾರ್ವೆ, ಸೆಮಿಫೈನಲ್‌ನ 3 ಅಂಕದ ಆಸೆಗೆ ಮಾತ್ರ. ಈ ಬಾಜಿ ಊಟಕ್ಕೇ ನಿಲ್ಲಲಿ. ಮೊಬೈಲ್ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಯಾರಾದರೂ ಲಿಂಕ್ ಕಳಿಸಿದರೆ ಮುಟ್ಟಬೇಡಿ.

ಪಟ್ಟಿ ಮುಚ್ಚುವ ಹೊತ್ತನ್ನು ಸರಿಯಾಗಿ ಬರೆದುಕೊಳ್ಳಿ, ಇಲ್ಲದಿದ್ದರೆ ಜಗಳ ಆಗುತ್ತದೆ. ಉದ್ಘಾಟನಾ ಪಂದ್ಯ ಅಲ್ಲಿ ಜೂನ್ 11, ನಮ್ಮಲ್ಲಿ ಆಗ ಜೂನ್ 12ರ ನಡುರಾತ್ರಿ 12:30. ಫೈನಲ್ ಅಲ್ಲಿ ಜುಲೈ 19ರ ಭಾನುವಾರ, ನಮಗೆ ಸೋಮವಾರ ನಡುರಾತ್ರಿ 12:30. ಎಲ್ಲ ತಂಡಗಳ 26 ಜನರ ಪಟ್ಟಿ ಬಂದು, ಗಾಯದ ಸುದ್ದಿಗಳು ಖಚಿತವಾದ ಮೇಲೆ, ಜೂನ್ 11ರ ರಾತ್ರಿ ಊಟದ ಹೊತ್ತಿಗೆ ಮೂರು ಹೆಸರು ಬರೆದುಕೊಟ್ಟರೆ ಸಾಕು.